ಅರ್ಜಿಗಿಂತ ಮೊದಲು ವಿಷಯಗಳನ್ನು ನೋಡಿ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಈ ವರ್ಷ ಪದವಿಗೆ ಸೇರುವ ಮಕ್ಕಳ ಪೋಷಕರೇ, ಕುವೆಂಪು ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಅರ್ಜಿ ಹಾಕುವುದು ಯುಯುಸಿಎಂಎಸ್ ಎಂಬ, ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶದ ಜಾಲತಾಣದಲ್ಲಿ. ಮೀಸಲಾತಿ ಬೇಕಿದ್ದರೆ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಬೇಕಾಗುತ್ತದೆ. ಪ್ರಮಾಣಪತ್ರ ಇಲ್ಲದಿದ್ದರೆ ನಾಡಕಚೇರಿಗೆ ಈಗಲೇ ಹೋಗಿ ಬನ್ನಿ.

ನಿಜವಾದ ಚಿಂತೆ ವಿಷಯಗಳದ್ದು. ಗೆಳತಿಯರೆಲ್ಲ ತೆಗೆದುಕೊಂಡರೆಂದು ನನ್ನ ಮಗಳು ಗಣಿತ, ಭೌತವಿಜ್ಞಾನ ಎರಡನ್ನೂ ಬಿಟ್ಟು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಸೇರಿದಳು. ಕೊನೆಯ ವರ್ಷ ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವ ಆಸೆ ಹುಟ್ಟಿತು. ಅಷ್ಟರಲ್ಲಿ ಆ ಬಾಗಿಲು ಮುಚ್ಚಿತ್ತು, ಅವಳು ಅತ್ತದ್ದು ನನಗೆ ಇನ್ನೂ ಮರೆತಿಲ್ಲ. ಪದವಿಯಲ್ಲಿ ಓದದ ವಿಜ್ಞಾನ ವಿಷಯಕ್ಕೆ ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ ಪ್ರವೇಶ ಸಿಗುವುದಿಲ್ಲ.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪದವಿಯ ನಂತರ ಏನು ಮಾಡುವ ಮನಸ್ಸಿದೆ ಎಂದು ಕೇಳಿ. ಎಂ.ಎಸ್ಸಿ.ಯೋ ಬಿ.ಇಡಿ.ಯೋ, ಅದರ ಅರ್ಹತಾ ನಿಯಮವನ್ನು ಮೊದಲು ಓದಿ. ಬೇಕಾದ ವಿಷಯಗಳ ಸಂಯೋಜನೆ ಎಲ್ಲ ಕಾಲೇಜುಗಳಲ್ಲೂ ಇರುವುದಿಲ್ಲ, ಖುದ್ದಾಗಿ ಹೋಗಿ ವಿಚಾರಿಸಿ.