ಕಾರು ಫಳಫಳ ಸರಿ, ಬಾಗಿಲಿನ ಅಡಿ ನೋಡಿದ್ದೀರಾ?

ಭಾನುವಾರ ಹನ್ನೊಂದು ಗಂಟೆಯ ಸುಡುಬಿಸಿಲಿಗೆ ಕಾರನ್ನು ಅಂಗಳದ ನಡುವೆ ನಿಲ್ಲಿಸುವುದು, ಬಟ್ಟೆ ಒಗೆಯುವ ಹುಡಿಯನ್ನು ಬಕೆಟ್ಟಿಗೆ ಸುರಿಯುವುದು, ಹರಿದ ಬನಿಯನ್ ಹಿಡಿದು ಗರಗರ ತಿಕ್ಕುವುದು. ಆಮೇಲೆ ನನ್ನ ಹತ್ತಿರ ಬಂದು, "ದೊಡ್ಡಮ್ಮ, ಡಿಟೇಲಿಂಗ್ ಮನೆಯಲ್ಲೇ ಮಾಡಿದರೆ ಪ್ರಯೋಜನ ಉಂಟಾ, ಅಂಗಡಿಗೆ ಕೊಡುವುದಾ?" ಅಂತ ಕೇಳುವುದು. ಮೊದಲು ತೊಳೆಯಲು ಕಲಿಯಿರಿ ಮಾರಾಯ್ರೆ, ಮೂಲೆಮೂಲೆ ತಿಕ್ಕಿ ಹೊಳಪು ಕೊಡುವ ಆ ಡಿಟೇಲಿಂಗ್ ಆಮೇಲೆ ನೋಡುವ.

ಬರೀ ಹೊಳಪಿಗೆ ಅಂತಾದರೆ ಆ ಶ್ರಮ ದಂಡ ಅಂತಲೇ ನಾನು ಹೇಳುವುದು. ಕಾರು ಬಾಳಿಕೆ ಬರಬೇಕು ಅಂತಾದರೆ ಮಾತ್ರ ಸ್ವಂತ ಕೈಯಲ್ಲಿ ಮಾಡಿದ ಕೆಲಸಕ್ಕೆ ಸಮ ಇಲ್ಲ. ನಮ್ಮ ಮಂಗಳೂರು, ಉಡುಪಿ ಕಡೆ ಕಾರನ್ನು ತಿನ್ನುವುದು ಉಪ್ಪುಗಾಳಿ, ಕೆಂಪು ಕೆಸರು, ಮತ್ತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಯ್ಯುವ ಮಳೆ. ಅಂಗಡಿಯವರು ಹೊರಗೆ ಕನ್ನಡಿ ಹಾಗೆ ಮಾಡಿ ಕೊಡುತ್ತಾರೆ, ನಿಜ. ಪೇಂಟ್ ಕಾಯುವ ಲೇಪ, ಸೆರಾಮಿಕ್ ಕೋಟಿಂಗ್ ಅಂತ ಹೇಳಿ ಹತ್ತಿಪ್ಪತ್ತು ಸಾವಿರ ತೆಗೆದುಕೊಳ್ಳುತ್ತಾರೆ. ಬಗ್ಗಿ ಬಾಗಿಲಿನ ಅಡಿ ನೋಡುವವರು ಎಷ್ಟು ಜನ? ತುಕ್ಕು ಶುರುವಾಗುವುದೇ ಅಲ್ಲಿಂದ.

ಒಂದು ಕೆಲಸ ಮಾತ್ರ ಮನೆಯಲ್ಲಿ ಬೇಡವೇ ಬೇಡ, ಮಷೀನ್ ಪಾಲಿಶ್. ಪೇಂಟಿನ ಮೇಲೊಂದು ಪಾರದರ್ಶಕ ಪದರ ಇರುತ್ತದೆ, ಕ್ಲಿಯರ್‌ಕೋಟ್ ಅನ್ನುತ್ತಾರೆ. ಅದು ಸುಮಾರು 40-50 ಮೈಕ್ರಾನ್ ದಪ್ಪ, ನೋಟ್‌ಬುಕ್ಕಿನ ಹಾಳೆಗಿಂತಲೂ ತೆಳು. ಪಾಲಿಶ್ ಅಂದರೆ ಅದನ್ನೇ ಚೂರು ಚೂರು ಸವೆಸುವುದು. ಆನ್‌ಲೈನ್‌ನಲ್ಲಿ ಮಷೀನ್ ತರಿಸಿ ಬಾನೆಟ್ಟಿನ ಅಂಚಿನ ಮೇಲೆ ಅಭ್ಯಾಸ ಮಾಡಿದರೆ ಆ ಪದರ ಹೋಗಿಯೇ ಹೋಗುತ್ತದೆ, ಮತ್ತೆ ಪೇಂಟ್ ಹೊಡೆಸಬೇಕು. ಅದನ್ನು ಕೈ ಪಳಗಿದವರಿಗೆ ಬಿಡಿ.

ತೊಳೆಯುವುದಕ್ಕೆ ನೆರಳು ಬೇಕು, ಬಾನೆಟ್ ತಣ್ಣಗಿರಬೇಕು. ಮೊದಲು ಬರೀ ನೀರು ಧಾರಾಳ ಹೊಯ್ದು ಧೂಳು ಇಳಿಸಿ. ನಮ್ಮ ಕೆಂಪು ಮುರಕಲ್ಲಿನ ಹುಡಿಯಲ್ಲಿ ಗಟ್ಟಿ ಕಾಳು ಇರುತ್ತದೆ, ಒಣಗಿದ್ದರ ಮೇಲೆ ಬಟ್ಟೆ ಆಡಿಸಿದರೆ ಪೇಂಟ್ ಗೀರದೆ ಇರುತ್ತದಾ? ಬಿಸಿಲಿನಲ್ಲಿ ಕಾಣುವ ಜೇಡರಬಲೆಯಂಥ ಗೆರೆಗಳೆಲ್ಲ ಹಾಗೆ ಬಂದವು. ಬಕೆಟ್ ಎರಡು ಇಡಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮೇಲಿನಿಂದ ಕೆಳಗೆ ಬನ್ನಿ, ಚಕ್ರ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ಶಾಂಪೂ ಕಾರಿನದೇ ಇರಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಪೇಂಟ್ ಕಾಯಲು ಹಚ್ಚಿದ ವ್ಯಾಕ್ಸ್ ಕೂಡ ತೊಳೆದುಹೋಗುತ್ತದೆ. ಬೋರ್‌ವೆಲ್ ನೀರಾದರೆ ತಾನಾಗಿ ಒಣಗಲು ಬಿಡಬೇಡಿ, ಬಿಳಿ ಕಲೆ ಕೂತುಬಿಡುತ್ತದೆ.

ಒರೆಸುವುದಕ್ಕೆ ಮೈಕ್ರೋಫೈಬರ್ ಬಟ್ಟೆ ಒಳ್ಳೆಯದು, ಆದರೆ ಅದನ್ನು ಒಗೆಯುವಾಗ ಪರಿಮಳದ ಸಾಫ್ಟನರ್ ಹಾಕಬಾರದು. ಎಳೆಗೆಲ್ಲ ಅದು ಮೆತ್ತಿಕೊಂಡರೆ ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ. ಮನೆಯ ಬೈರಾಸಿಗೂ ಅಷ್ಟೆ. ನನ್ನ ಸೊಸೆಗೆ ಎಷ್ಟು ಹೇಳಿದರೂ ಅರ್ಥ ಆಗುವುದಿಲ್ಲ, ಮುಚ್ಚಳದ ತುಂಬ ಸುರಿಯುತ್ತಾಳೆ, ಮತ್ತೆ "ಅತ್ತೆ, ಈ ಬೈರಾಸಿನಲ್ಲಿ ಮೈ ಒರೆಸಿದರೆ ನೀರೇ ಹೋಗುವುದಿಲ್ಲ" ಅಂತಾಳೆ. ಹೋಗುವುದು ಹೇಗೆ?

ಈಗ ಮೊದಲೇ ಹೇಳಿದ ಬಾಗಿಲಿನ ಅಡಿಯ ಕೆಲಸಕ್ಕೆ ಬರುತ್ತೇನೆ. ಇದಕ್ಕೆ ಬೇಕಾದದ್ದು ಹಿಡಿಸೂಡಿಯ, ಅಂದರೆ ತೆಂಗಿನ ಗರಿಯ ಪೊರಕೆಯ, ಒಂದು ಕಡ್ಡಿ.

ನಮ್ಮ ಮನೆಯವರ ಹತ್ತಿರ ಹಳೆಯ ಫಿಯೆಟ್ ಇತ್ತು. ಬಾವಿಯಿಂದ ನೀರು ಸೇದಿ ಸೇದಿ ತೊಳೆಯುತ್ತಿದ್ದರು, ಮೈಯೆಲ್ಲ ಮಿರಮಿರ, ಆದರೂ ಬಾಗಿಲಿನ ಕೆಳಗಂಚು ಹಪ್ಪಳದ ಹಾಗೆ ಉಬ್ಬಿ ಉದುರುತ್ತಿತ್ತು. ಉಡುಪಿಯ ಒಬ್ಬ ಮುದಿ ಮೆಕ್ಯಾನಿಕ್ ಬಂದವರು ಒಂದು ಮಾತೂ ಆಡದೆ ನಮ್ಮ ಹಿಡಿಸೂಡಿಯಿಂದ ಕಡ್ಡಿ ಎಳೆದು, ಕುಕ್ಕರಗಾಲಿನಲ್ಲಿ ಕೂತು, ಬಾಗಿಲಿನ ಅಡಿಗೆ ಚುಚ್ಚಿದರು. ಚಾ ಕಷಾಯದಂಥ ನೀರು ಧಾರೆಯಾಗಿ ಇಳಿಯಿತು! ಮಳೆ ಬಿಟ್ಟು ವಾರ ಕಳೆದಿತ್ತು, ಅಷ್ಟು ದಿನವೂ ಬಾಗಿಲಿನ ಹೊಟ್ಟೆಯಲ್ಲಿ ನೀರು ಕೂತಿತ್ತು.

ವಿಷಯ ಇಷ್ಟೆ. ಕಿಟಕಿ ಗಾಜಿನ ಬುಡದ ರಬ್ಬರ್ ಪಟ್ಟಿ ದಾಟಿ ಸ್ವಲ್ಪ ಮಳೆನೀರು ಬಾಗಿಲಿನ ಒಳಗೆ ಇಳಿಯುತ್ತದೆ, ಯಾವ ಕಾರಾದರೂ. ಅದು ಹೊರಗೆ ಹೋಗಲು ಕೆಳಗಂಚಿನಲ್ಲಿ ಉದ್ದುದ್ದ ತೂತು ಇಟ್ಟಿರುತ್ತಾರೆ. ಕೆಂಪು ಕೆಸರು, ಎಲೆಯ ಚೂರು, ಹಳೆಯ ವ್ಯಾಕ್ಸ್ ಎಲ್ಲ ಸೇರಿ ಅದು ಮುಚ್ಚುತ್ತದೆ.

ಕಡ್ಡಿ ಆರಿಸುವುದರಲ್ಲೇ ಅರ್ಧ ಕೆಲಸ. ಹೊಸ ಹಿಡಿಸೂಡಿಯದು ಬೇಡ, ಅದು ಬಿರುಸು. ಅಂಗಳ ಗುಡಿಸಿ ಸ್ವಲ್ಪ ಸವೆದದ್ದರ ನಡುವಿನಿಂದ ಒಂದು ಎಳೆಯಿರಿ. ಪಕ್ಕದಲ್ಲಿ ಗರಿಯ ಚೂರು ಅಂಟಿದ್ದರೆ ಚೂರಿಯಿಂದ ಹೆರೆದು ನಯ ಮಾಡಿ, ಇಲ್ಲದಿದ್ದರೆ ಅದೇ ಒಳಗೆ ಮುರಿದು ತೂತು ಮುಚ್ಚುತ್ತದೆ. ಸ್ವಲ್ಪ ಹೊತ್ತು ನೀರಿನಲ್ಲಿ ಹಾಕಿಟ್ಟು, ಬಗ್ಗಿಸಿದರೆ ಮುರಿಯದಷ್ಟು ಮೆತ್ತಗಾದ ಮೇಲೆ ತೆಗೆಯಿರಿ. ಬಾಗಿಲು ಪೂರ್ತಿ ತೆರೆದು ಕೂತು ಕೆಳಗಂಚಿಗೆ ಬೆರಳು ಆಡಿಸಿದರೆ ತೂತು ಕೈಗೇ ಸಿಗುತ್ತದೆ, ಸಾಮಾನ್ಯವಾಗಿ ಒಂದು ಬಾಗಿಲಿಗೆ ಎರಡೋ ಮೂರೋ. ಕೆಲವದಕ್ಕೆ ಸಣ್ಣ ರಬ್ಬರ್ ನಾಲಗೆ ಇರುತ್ತದೆ, ಅದನ್ನು ಕಿತ್ತು ಬಿಸಾಡಬೇಡಿ, ಪಕ್ಕಕ್ಕೆ ಸರಿಸಿದರೆ ಸಾಕು. ಕಡ್ಡಿಯ ತುದಿ ಒಂದು ಬೆರಳಿನಷ್ಟು ಮಾತ್ರ ಒಳಗೆ ಹೋಗಲಿ, ಅಡ್ಡಡ್ಡ ತಿರುಗಿಸಿ. ಭರ್ಜಿಯ ಹಾಗೆ ಮೇಲಕ್ಕೆ ತಳ್ಳಬೇಡಿ, ಗಾಜು ಏರಿಸುವ ಸಾಮಾನೆಲ್ಲ ಅಲ್ಲೇ ಉಂಟು. ತಂತಿ, ಸ್ಕ್ರೂಡ್ರೈವರ್ ಮುಟ್ಟಲೇಬೇಡಿ, ಅದು ಪೇಂಟ್ ಗೀರಿದ ಜಾಗದಲ್ಲೇ ತುಕ್ಕು ಹುಟ್ಟುತ್ತದೆ.

ಮತ್ತೆ ಬಾಗಿಲು ಹಾಕಿ, ಗಾಜು ಏರಿಸಿ, ಗಾಜಿನ ಹೊರಬದಿಗೆ ಒಂದು ಚೊಂಬು ನೀರು ನಿಧಾನ ಹೊಯ್ಯಿರಿ. ಪ್ರೆಶರ್ ಪೈಪ್ ಹಿಡಿದು ಶೌರ್ಯ ತೋರಿಸುವುದು ಬೇಡ. ಕೆಳಗಿನಿಂದ ಮೊದಲು ಕೆಂಪು ನೀರು ಬರುತ್ತದೆ, ತಿಳಿ ಆಗುವವರೆಗೆ ಹೊಯ್ಯುತ್ತಾ ಇರಿ. ಏನೂ ತೊಟ್ಟಿಕ್ಕದಿದ್ದರೆ ತೂತು ಇನ್ನೂ ಕಟ್ಟಿದೆ ಅಂತ ಲೆಕ್ಕ, ಪುನಃ ಕಡ್ಡಿ. ಮೇ ಕೊನೆಯಲ್ಲಿ ಒಮ್ಮೆ, ಮಳೆ ನಡುವೆ ಬಿಸಿಲು ಕಂಡಾಗ ಒಮ್ಮೆ, ನವರಾತ್ರಿ ಹೊತ್ತಿಗೆ ಒಮ್ಮೆ ಮಾಡಿದರೆ ಸಾಕು.

ಅದೇ ಹೊತ್ತಿಗೆ ಬಾನೆಟ್ ಎತ್ತಿ ವೈಪರಿನ ಬುಡವನ್ನೂ ನೋಡಿ. ಮಾವಿನ ಮರದ ಅಡಿ ನಿಲ್ಲಿಸುವವರಿಗಂತೂ ಹೂವು, ಎಲೆ ಎಲ್ಲ ಅಲ್ಲಿ ಗೊಬ್ಬರ ಆಗಿರುತ್ತದೆ. ಅಲ್ಲಿನ ನೀರಿನ ದಾರಿ ಕಟ್ಟಿದರೆ ನೀರು ಕಾರಿನ ಒಳಗೆ ನುಗ್ಗಿ ಮ್ಯಾಟಿನ ಅಡಿ ಒದ್ದೆಮುದ್ದೆ ಚಂಡಿ, ಮತ್ತೆ ಬೂಸ್ಟು, ಮತ್ತೆ ವಾಸನೆ. ಕಾರಿನವರು ಸೆಂಟಿನ ಬಾಟ್ಲಿ ತಂದು ತೂಗುಹಾಕುತ್ತಾರೆ! ಸನ್‌ರೂಫ್ ಇದ್ದವರಿಗೆ ಅದರ ಮೂಲೆಗಳಲ್ಲೂ ಸಪೂರ ಪೈಪ್ ಉಂಟು. ಅದಕ್ಕೆ ಮಾತ್ರ ಕಡ್ಡಿ ಹಾಕಬೇಡಿ, ಪೈಪ್ ಕಳಚಿದರೆ ನೀರು ತಲೆ ಮೇಲೆಯೇ. ಸರ್ವಿಸ್‌ನವರಿಗೆ ಹೇಳಿ ಮಾಡಿಸಿ.

ಒಳಗೆ ಬೂಸ್ಟು ಬಂದಿದ್ದರೆ ಬಿಸಿಲು ಬಿದ್ದ ದಿನ ಬಾಗಿಲೆಲ್ಲ ತೆರೆದಿಡಿ, ಮ್ಯಾಟ್ ಹೊರಗೆ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ರಶ್‌ನಲ್ಲಿ ಉದುರಿಸಿ. ಬಟ್ಟೆಯ ಸೀಟಾದರೆ ನೀರು ಬೆರೆಸಿದ ವಿನೆಗರಿನಲ್ಲಿ ಒರೆಸಿ ಚೆನ್ನಾಗಿ ಒಣಗಿಸಿ. ಮನೆ ತಲುಪುವ ಸ್ವಲ್ಪ ಮೊದಲು ಎಸಿ ಆಫ್ ಮಾಡಿ ಬರೀ ಫ್ಯಾನ್ ಓಡಿಸಿದರೆ ಎಸಿಯ ಒಳಗಿನ ತೇವ ಆರುತ್ತದೆ, ಹುಳಿ ವಾಸನೆ ಬರುವುದಿಲ್ಲ. ಡ್ಯಾಶ್‌ಬೋರ್ಡಿಗೆ ತೆಂಗಿನೆಣ್ಣೆ ಹಚ್ಚುವ ಬುದ್ಧಿ ಯಾರು ಕಲಿಸಿದ್ದೋ ಗೊತ್ತಿಲ್ಲ, ಧೂಳೆಲ್ಲ ಅಂಟಿಕೊಳ್ಳುತ್ತದೆ, ಅದರ ಹೊಳಪು ಮುಂದಿನ ಗಾಜಿನಲ್ಲಿ ಕಂಡು ಕಣ್ಣಿಗೂ ಕಿರಿಕಿರಿ. ಚಂಡಿ ಬಟ್ಟೆ ಹಿಂಡಿ ಒರೆಸಿದರೆ ಧಾರಾಳ ಆಯಿತು.

ಮಲ್ಪೆ ಬೀಚಿಗೋ ಪಣಂಬೂರು ಬೀಚಿಗೋ ಹೋಗಿ ಬಂದ ದಿನ, ಮರವಂತೆ ದಾರಿಯಲ್ಲಿ ಸಮುದ್ರದ ಪಕ್ಕ ನಿಲ್ಲಿಸಿ ಫೋಟೋ ಹೊಡೆದ ದಿನವೂ, ಸುಸ್ತು ಅಂತ ಮಲಗಬೇಡಿ. ಶಾಂಪೂ ಬೇಡ, ಚಕ್ರದ ಮೇಲಿನ ಕಮಾನಿಗೂ ಕಾರಿನ ಅಡಿಗೂ ಸಿಹಿನೀರು ಹೊಯ್ದರೆ ಸಾಕು. ಹೊಯ್ಗೆಯೂ ಉಪ್ಪೂ ಆ ಕಮಾನಿನ ಒಳಮಡಿಕೆಯಲ್ಲೇ ಕೂರುವುದು. ಬಾವಲಿ, ಕಾಗೆಯ ಹಿಕ್ಕೆ ಬಿದ್ದರೆ ಉಗುರಲ್ಲಿ ಕೆರೆಯಬೇಡಿ, ಚಂಡಿ ಬಟ್ಟೆ ಅದರ ಮೇಲೆ ಹೊದೆಸಿಟ್ಟು ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಬಿಸಿಲಿಗೆ ಬಿಟ್ಟರೆ ಪೇಂಟಿಗೇ ಕಲೆ.

ಆಯುಧಪೂಜೆಗೆ ಕುಂಕುಮ, ಗಂಧ ಎಲ್ಲ ಗಾಜಿನ ಮೇಲೆ ಇಡಿ, ಬಾನೆಟ್ ಮೇಲೆ ಬೇಡ, ಬಿಳಿ ಕಾರಿಗೆ ಕುಂಕುಮದ ಕೆಂಪು ಹಿಡಿದರೆ ಬೇಗ ಬಿಡುವುದಿಲ್ಲ. ಮತ್ತೆ ಆ ಸೇವಂತಿಗೆ ಮಾಲೆಯನ್ನು ದೀಪಾವಳಿವರೆಗೆ ಬಿಡದೆ ಮರುದಿನವೇ ಬಿಚ್ಚಿ, ಎಸಳೆಲ್ಲ ಉದುರಿ ವೈಪರಿನ ಬುಡಕ್ಕೇ ಹೋಗುತ್ತದೆ.