ಗಾಳಿ ತಂದದ್ದೋ, ಹೊಳೆ ತಂದದ್ದೋ? ತಲಕಾಡಿನ ಮರಳಿನ ಕಣ ಅಳೆಯುವ ಬಗೆ

ತಲಕಾಡಿಗೆ ಹೋದವರೆಲ್ಲ ಕೀರ್ತಿನಾರಾಯಣ ಗುಡಿಯ ದಾರಿಯಲ್ಲಿ ಮರಳು ತುಳಿದು, ಅಲಮೇಲಮ್ಮನ ಶಾಪದ ಮಾತಾಡಿ ಬರುತ್ತಾರೆ. ಆ ಮರಳನ್ನು ಕಾವೇರಿಯ ದಡದಿಂದ ಎತ್ತಿ ತಂದದ್ದು ಗಾಳಿ ಎನ್ನುವುದನ್ನು ಕಣದ ಗಾತ್ರದಿಂದಲೇ ಪರೀಕ್ಷಿಸಬಹುದು. ಒಂದು ಸೆಟ್ ಜರಡಿ, ಒಂದು ತಕ್ಕಡಿ, ಅರ್ಧ ದಿನದ ತಾಳ್ಮೆ ಇದ್ದರೆ ಸಾಕು.

ರಾಗಿ ತೂರುವುದನ್ನು ನೋಡಿದ್ದರೆ ತತ್ವ ಅರ್ಥವಾದಂತೆಯೇ. ಮೊರದಿಂದ ಬಿಟ್ಟ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ಆಚೆ ಹೋಗುತ್ತದೆ. ಮರಳಲ್ಲೂ ಹಾಗೆಯೇ. ಅರ್ಧ ಮಿ.ಮೀ. ದಾಟಿದ ದಪ್ಪ ಕಣ ನೆಲ ಬಿಟ್ಟು ಏಳದೆ ಉರುಳುತ್ತಾ ಹಿಂದುಳಿಯುತ್ತದೆ, ತೀರ ನುಣ್ಣನೆಯದು ದೂಳಾಗಿ ತೇಲಿಹೋಗುತ್ತದೆ, ನಡುವಿನದು ಕುಪ್ಪಳಿಸುತ್ತಾ ಬಂದು ದಿಬ್ಬ ಸೇರುತ್ತದೆ. 1930ರ ದಶಕದಲ್ಲಿ ಲಿಬಿಯಾದ ಮರುಭೂಮಿ ಸುತ್ತಿದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನೋಲ್ಡ್ ಗಾಳಿ ಸುರಂಗದಲ್ಲಿ ಅಳೆದು ತೋರಿಸಿದಂತೆ, ಗಾಳಿಗೆ ಅತಿ ಸುಲಭವಾಗಿ ಕದಲುವುದು ಸುಮಾರು 0.08 ಮಿ.ಮೀ. ಕಣ. ಅದಕ್ಕಿಂತ ಸಣ್ಣವು ಒಂದಕ್ಕೊಂದು ಅಂಟಿಕೊಂಡು ಮೊಂಡು ಹಿಡಿಯುತ್ತವೆ. ಸಹಾರಾ, ಥಾರ್‌ನಂಥ ಕಡೆ ದಿಬ್ಬದ ಮರಳು ಬಹುಪಾಲು 0.15ರಿಂದ 0.3 ಮಿ.ಮೀ. ಒಳಗೇ ಇರುತ್ತದೆ.

ಆದರೆ ಬರೀ ಸರಾಸರಿ ನೋಡಿ ತೀರ್ಮಾನಿಸಿದರೆ ಕೆಟ್ಟಿರಿ. 0.2 ಮಿ.ಮೀ. ಮರಳನ್ನು ಹೊಳೆಯೂ ತಂದು ಹಾಕುತ್ತದೆ. ನೋಡಬೇಕಾದದ್ದು ಗಾತ್ರಗಳು ಎಷ್ಟು ಚದುರಿವೆ ಎಂಬುದನ್ನು: ಗಾಳಿ ತೂರಿದ ಮರಳಲ್ಲಿ ಚದುರುವಿಕೆ ಕಡಿಮೆ.

ಮೊದಲು ಅನುಮತಿ. ತಲಕಾಡು ಸಂರಕ್ಷಿತ ಜಾಗ. ಪುರಾತತ್ವ ಇಲಾಖೆಯನ್ನು ಕೇಳದೆ ಹಿಡಿ ಮರಳನ್ನೂ ತರಬೇಡಿ, ಗುಡಿಯ ಆಸುಪಾಸಿನಲ್ಲಿ ಅಗೆಯಲೇಬೇಡಿ.

ತಪ್ಪುಗಳಲ್ಲಿ ಹೆಚ್ಚಿನವು ಜರಡಿಯಲ್ಲಲ್ಲ, ಮರಳು ಎತ್ತುವಾಗಲೇ ಆಗುತ್ತವೆ. ಮರಳ ಮೇಲಿನ ಸಣ್ಣ ಅಲೆಗಳನ್ನು ಕುಕ್ಕರಗಾಲಲ್ಲಿ ಕೂತು ನೋಡಿ: ಅಲೆಯ ನೆತ್ತಿಯಲ್ಲಿ ತರಿ, ತಗ್ಗಿನಲ್ಲಿ ನುಣುಪು. ನೆತ್ತಿಯದನ್ನಷ್ಟೇ ಕೆರೆದರೆ ಇಡೀ ದಿಬ್ಬವೇ ದಪ್ಪ ಮರಳಿನದು ಎಂದು ಲೆಕ್ಕ ಬರುತ್ತದೆ. ಆದ್ದರಿಂದ ನಾಲ್ಕೈದು ಅಲೆಗಳಿಗೆ ಅಡ್ಡಲಾಗಿ, ಒಂದು ಸೆಂ.ಮೀ. ಆಳಕ್ಕೆ ಸಮವಾಗಿ ಕೆರೆಯಿರಿ. ದಿಬ್ಬದ ನೆತ್ತಿ, ಗಾಳಿಗೆ ಮುಖಮಾಡಿದ ಬುಡ, ಹೊಳೆಯ ದಡ, ಈ ಮೂರು ಕಡೆಯಿಂದ ತಲಾ ಕಾಲು ಕಿಲೋ ಸಾಕು, ಬೇರೆ ಬೇರೆ ಕವರ್‌ಗಳಲ್ಲಿ. ಮುಂಗಾರಿನ ಗಾಳಿ ನೈಋತ್ಯದ್ದು. ದಿಕ್ಕು ಗೊತ್ತಾಗದಿದ್ದರೆ ದಿಕ್ಸೂಚಿ ನೋಡಿ. ಜನ ತುಳಿದ ಕಾಲುದಾರಿ ಬೇಡ. ನೀಲಗಿರಿ ಮರದಡಿಯ ಎಲೆಗೊಬ್ಬರ ಬೆರೆತ ಮರಳೂ ಬೇಡ.

ಮನೆಗೆ ತಂದ ಮೇಲೆ ಬಕೆಟ್‌ನಲ್ಲಿ ನೀರು ಹಾಕಿ ಕದಡಿ, ಮಣ್ಣುನೀರು ಬಸಿಯಿರಿ. ಕಸಕಡ್ಡಿ ತೇಲಿ ಹೋಗುತ್ತದೆ. ನುಣ್ಣನೆ ಮರಳೂ ಜೊತೆಗೇ ಹೋಗದಂತೆ ಬಸಿದ ನೀರನ್ನು 75 ಮೈಕ್ರಾನ್ (0.075 ಮಿ.ಮೀ. ತೂತಿನ) ಜರಡಿಯ ಮೇಲೆ ಸುರಿಯಿರಿ. 105 ಡಿಗ್ರಿ ಓವನ್‌ನಲ್ಲಿ, ಇಲ್ಲವೇ ಗಾಳಿ ಆಡದ ಕಡೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಒದ್ದೆ ಇದ್ದರೆ ಕಣಗಳು ಉಂಡೆಗಟ್ಟಿ ಮೇಲಿನ ಜರಡಿಯಲ್ಲೇ ಉಳಿಯುತ್ತವೆ. ಒಣಗಿದ ರಾಶಿಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಂಡು, 50 ಗ್ರಾಂ ಆಗುವವರೆಗೆ ಹೀಗೇ ಮಾಡಿ. ಚಮಚದಲ್ಲಿ ಮೇಲಿಂದ ತೆಗೆದದ್ದು ಲೆಕ್ಕಕ್ಕಿಲ್ಲ, ದಪ್ಪ ಕಣಗಳು ಬದಿಗೆ ಉರುಳಿರುತ್ತವೆ.

ಸಿವಿಲ್ ಲ್ಯಾಬ್‌ಗಳಲ್ಲಿ ಕಾಂಕ್ರೀಟ್ ಮರಳಿಗೆಂದು ಇಡುವ 600, 300, 150 ಮೈಕ್ರಾನ್ ಸೆಟ್ ಇಲ್ಲಿ ಕೈಕೊಡುತ್ತದೆ: ದಿಬ್ಬದ ಮರಳೆಲ್ಲ 150ರ ಮೇಲೆ ಗುಡ್ಡೆಯಾಗಿ ಕೂರುತ್ತದೆ, ತಿಳಿಯುವುದು ಏನೂ ಇಲ್ಲ. ನಡುವೆ 250, 212, 180 ಸೇರಿಸಿ, ಮೇಲೆ 425, ಕೆಳಗೆ 75 ಮತ್ತು ತಟ್ಟೆ ಇಡಿ. 20 ಸೆಂ.ಮೀ. ಅಗಲದ ಜರಡಿಯಾದರೆ ಒಂದರ ಮೇಲೆ 40 ಗ್ರಾಂ ದಾಟದಿರಲಿ. ದಾಟಿದರೆ ಜರಡಿಯ ಕಣ್ಣು ಮುಚ್ಚಿಕೊಂಡು ಸಣ್ಣ ಕಣವೂ ಇಳಿಯುವುದಿಲ್ಲ. ಯಂತ್ರದಲ್ಲಿ ಹತ್ತು ನಿಮಿಷ ಅಲ್ಲಾಡಿಸಿ. ಕೈಯಲ್ಲಾದರೆ ಒಂದೊಂದನ್ನೂ ಬಿಳಿ ಕಾಗದದ ಮೇಲೆ ತಟ್ಟುತ್ತಾ, ಉದುರುವುದು ನಿಲ್ಲುವವರೆಗೆ. ಸಿಕ್ಕಿಕೊಂಡ ಕಣ ಬಿಡಿಸಲು ಜರಡಿ ಬೋರಲು ಹಾಕಿ ತಟ್ಟಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ. ಪಿನ್ನು ತೂರಿಸಿದರೆ ತೂತು ಹಿಗ್ಗಿ ಜರಡಿ ಮೂಲೆ ಸೇರುತ್ತದೆ.

ತೂಕಕ್ಕೆ 0.01 ಗ್ರಾಂ ತೋರಿಸುವ ಚಿನ್ನದಂಗಡಿಯ ಬಗೆಯ ತಕ್ಕಡಿ ಬೇಕು. ಎಲ್ಲ ಕೂಡಿದಾಗ 50 ಗ್ರಾಂಗೆ ಅರ್ಧ ಗ್ರಾಂಗಿಂತ ಹೆಚ್ಚು ಕಡಿಮೆಯಾದರೆ ಮತ್ತೆ ಮಾಡಿ.

ಲೆಕ್ಕ ತೋರಿಸಲು ಒಂದು ಕಲ್ಪಿತ ಫಲಿತಾಂಶ: 425ರ ಮೇಲೆ 0.5 ಗ್ರಾಂ, 300ರ ಮೇಲೆ 5, 250ರ ಮೇಲೆ 11.5, 212ರ ಮೇಲೆ 13.5, 180ರ ಮೇಲೆ 10, 150ರ ಮೇಲೆ 6.5, 75ರ ಮೇಲೆ 2.8, ತಟ್ಟೆಯಲ್ಲಿ 0.2. ಮೇಲಿನಿಂದ ಕೂಡುತ್ತಾ ಬಂದರೆ ಶೇಕಡಾ 1, 11, 34, 61, 81, 94, 99.6. ಜರಡಿಯ ಗಾತ್ರವನ್ನು ಫೈ ಮಾನಕ್ಕೆ, ಅಂದರೆ ಕಣದ ಗಾತ್ರದ ಲಾಗ್ ಅಳತೆಗೆ, ತನ್ನಿ: ಮಿ.ಮೀ.ಗೆ ಎರಡರ ಆಧಾರದ ಲಾಗ್ ತೆಗೆದು ಚಿಹ್ನೆ ಬದಲಿಸಿದರೆ ಆಯಿತು, 0.25 ಮಿ.ಮೀ. ಎಂದರೆ ಫೈ 2. ಫೈಗೆ ಎದುರಾಗಿ ಮೇಲಿನ ಶೇಕಡಾಗಳ ಗ್ರಾಫ್ ಬರೆದು, ಅದರಲ್ಲಿ ಶೇ. 5, 16, 50, 84, 95ರ ಫೈ ಓದಿಕೊಳ್ಳಿ. ಇಲ್ಲಿ ಅವು 1.43, 1.80, 2.14, 2.53, 2.92. ಶೇ. 16, 50, 84ರ ಸರಾಸರಿ 2.16, ಅಂದರೆ ಸುಮಾರು 0.22 ಮಿ.ಮೀ. ಚದುರುವಿಕೆಗೆ 84ರಿಂದ 16 ಕಳೆದು 4ರಿಂದ ಭಾಗಿಸಿ, 95ರಿಂದ 5 ಕಳೆದು 6.6ರಿಂದ ಭಾಗಿಸಿ, ಎರಡನ್ನೂ ಕೂಡಿ: 0.41. ಭೂವಿಜ್ಞಾನಿಗಳಾದ ಫೋಕ್ ಮತ್ತು ವಾರ್ಡ್ 1957ರಲ್ಲಿ ಕೊಟ್ಟ ಈ ಸೂತ್ರದಂತೆ 0.35ರಿಂದ 0.50 ಎಂದರೆ ಚೆನ್ನಾಗಿ ವಿಂಗಡವಾದ ಮರಳು, 0.71 ದಾಟಿದರೆ ಸಾಧಾರಣ.

ದಿಬ್ಬದ್ದನ್ನು ದಡದ್ದಕ್ಕೆ ಹೋಲಿಸದೆ ಒಂದೇ ಅಂಕೆ ಹಿಡಿದು ಮಾತಾಡಬೇಡಿ. ತಲಕಾಡಿನ ಮರಳು ದಡದಿಂದ ಬಂದ ದೂರ ಅಲ್ಪ, ಥಾರ್‌ನಷ್ಟು ತೂರಿಸಿಕೊಂಡದ್ದಲ್ಲ. ಚದುರುವಿಕೆ ದಡದ್ದು 0.8 ಇದ್ದು ದಿಬ್ಬದ್ದು 0.5 ಬಂದರೂ ಗಾಳಿ ಕೆಲಸ ಮಾಡಿದೆ ಎಂದೇ ಅರ್ಥ.

ಎರಡು ವಸ್ತುಗಳು ಜರಡಿಗೆ ಮೋಸ ಮಾಡುತ್ತವೆ. ಕಾಗೆಬಂಗಾರದ ಹಾಳೆಗಳು ಅಗಲ ಇರುವುದರಿಂದ ಮೇಲಿನ ಜರಡಿಯಲ್ಲಿ ನಿಲ್ಲುತ್ತವೆ, ಗಾಳಿಗಾದರೋ ಹಗುರ. ಕಪ್ಪು ಮರಳು ಇದಕ್ಕೆ ತಿರುಗಾಮುರುಗಾ: ಬಿಳಿ ಮರಳಿನ ಸಾಂದ್ರತೆ 2.65, ಕಪ್ಪಿನಲ್ಲಿರುವ ಮ್ಯಾಗ್ನೆಟೈಟ್‌ನದು 5.2, ಹಾಗಾಗಿ ಸಣ್ಣದಾದರೂ ಗಾಳಿಯಲ್ಲಿ ದಪ್ಪ ಬಿಳಿ ಕಣದ ಜೊತೆಗೇ ನಿಲ್ಲುತ್ತದೆ. ಪ್ಲಾಸ್ಟಿಕ್ ಕವರ್ ಸುತ್ತಿದ ಅಯಸ್ಕಾಂತದಿಂದ ಎತ್ತಿ ಬೇರೆ ತೂಗಿ.

ಜರಡಿ ಸಿಗದವರು, ಅನುಮತಿ ಸಿಗದವರು ಮರಳನ್ನು ಅಲ್ಲೇ ಮಿ.ಮೀ. ಗ್ರಾಫ್ ಹಾಳೆಯ ಮೇಲೆ ತೆಳ್ಳಗೆ ಉದುರಿಸಿ, ಮೊಬೈಲ್‌ಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ ಫೋಟೋ ತೆಗೆದು ಮರಳನ್ನು ಅಲ್ಲೇ ಬಿಟ್ಟು ಬರಬಹುದು. ಗೆರೆಯ ಮೇಲೆ ಬಿದ್ದ 200 ಕಣ ಅಳೆಯಿರಿ. ಆದರೆ ಈ ಅಂಕೆಯನ್ನು ಜರಡಿಯದರ ಪಕ್ಕ ಇಡಬೇಡಿ: ಇಲ್ಲಿ ಎಣಿಸಿದ್ದು ಕಣಗಳನ್ನು, ಅಲ್ಲಿ ತೂಗಿದ್ದು ತೂಕವನ್ನು. 0.5 ಮಿ.ಮೀ.ನ ಒಂದು ಕಣ 0.25ರ ಎಂಟು ಕಣಗಳಷ್ಟು ತೂಗುತ್ತದೆ.