ದಾಖಲೆ ಇಲ್ಲದಿದ್ದರೂ ದಾಖಲಾತಿ: ಶೆಡ್ಡಿನ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೇಗೆ?

ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಹಿಂಬದಿಯಲ್ಲಿ ತಗಡಿನ ಶೆಡ್ಡುಗಳ ಸಾಲು ಕಾಣುವುದು ಸಾಮಾನ್ಯ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರೊಂದಿಗೆ ಒಡಿಶಾ, ಬಿಹಾರದ ಕುಟುಂಬಗಳೂ ಅಲ್ಲಿರುತ್ತವೆ. ಕಟ್ಟಡ ಮುಗಿದರೆ ಶೆಡ್ಡು ಕಿತ್ತು ಬೇರೆ ಕಡೆಗೆ ಹೋಗುತ್ತದೆ, ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ. ಇಂಥ ಮಗುವಿನ ಕೈಹಿಡಿದು ಶಾಲೆಗೆ ಹೋದವರಿಗೆ ‘ಆಧಾರ್ ಎಲ್ಲಿ, ಟಿ.ಸಿ. ಎಲ್ಲಿ, ವಿಳಾಸದ ಪುರಾವೆ ಏನಿದೆ’ ಎಂಬ ಪ್ರಶ್ನೆಗಳೇ ಮೊದಲು ಎದುರಾಗುತ್ತವೆ. ಆದರೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗು ಮೊದಲು ತರಗತಿಯಲ್ಲಿ ಕೂರಬೇಕು, ಕಾಗದಪತ್ರ ಆಮೇಲೆ ಬಂದರೂ ನಡೆಯುತ್ತದೆ.

ಮೊದಲು ಶಾಲೆಯನ್ನು ಗುರುತಿಸಿಕೊಳ್ಳಿ. ಕಾಯ್ದೆ ಹೇಳುವ ‘ನೆರೆಹೊರೆಯ ಶಾಲೆ’ ಎಂದರೆ ಮಗು ಈಗ ವಾಸವಿರುವ ಜಾಗಕ್ಕೆ ಹತ್ತಿರದ ಶಾಲೆಯೇ ಹೊರತು ಪಡಿತರ ಚೀಟಿಯಲ್ಲಿರುವ ಊರಿನದ್ದಲ್ಲ. ವಲಸೆ ಕುಟುಂಬದ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ (ಪಾಲಿಕೆ, ಪಂಚಾಯಿತಿಯಂಥ ಸಂಸ್ಥೆಯ) ಕರ್ತವ್ಯವೆಂದು 9ನೇ ಸೆಕ್ಷನ್ ಸ್ಪಷ್ಟವಾಗಿಯೇ ಬರೆದಿದೆ. ಜೂನ್ ಕಳೆದು ದಸರೆಯ ನಂತರ ಬಂದ ಮಗುವಿಗೂ ‘ದಾಖಲಾತಿ ಮುಗಿಯಿತು’ ಎನ್ನುವಂತಿಲ್ಲ. 15ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುವುದಿಲ್ಲ.

ಎರಡನೆಯದು ವಯಸ್ಸಿನ ಪುರಾವೆ. ಜನನ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆಂದು 14ನೇ ಸೆಕ್ಷನ್ ಹೇಳುತ್ತದೆ. ಅಂಗನವಾಡಿ ದಾಖಲೆಯಾಗಲಿ ಆಸ್ಪತ್ರೆಯ ದಾಖಲೆಯಾಗಲಿ ಇದ್ದರೆ ಸಾಕು, ಅದೂ ಇಲ್ಲದಿದ್ದರೆ ಪೋಷಕರ ಘೋಷಣೆ ನಡೆಯುತ್ತದೆ. ಬಿಳಿ ಹಾಳೆಯಲ್ಲಿ ಹೀಗೆ ಬರೆದರಾಯಿತು: ‘ನನ್ನ ಮಗಳಿಗೆ ನನಗೆ ತಿಳಿದ ಮಟ್ಟಿಗೆ ಒಂಬತ್ತು ವರ್ಷ. ನಾವು ಸದ್ಯ ಕೆರೆ ಏರಿಯ ಪಕ್ಕದ ಹೊಸ ಕಟ್ಟಡದ ಹಿಂಭಾಗದ ಶೆಡ್ಡಿನಲ್ಲಿದ್ದೇವೆ.’ ಕೆಳಗೆ ತಾಯಿಯ ಸಹಿ ಅಥವಾ ಹೆಬ್ಬೆಟ್ಟು, ದಿನಾಂಕ, ಮೇಸ್ತ್ರಿಯದಾದರೂ ಸರಿ, ಕರೆ ಮಾಡಿದರೆ ಸಿಗುವ ಒಂದು ಮೊಬೈಲ್ ಸಂಖ್ಯೆ ಇರಲಿ.

ಹಿಂದಿನ ಶಾಲೆಯ ಟಿ.ಸಿ. ತರುವುದು ತಡವಾದರೆ ಅದನ್ನೇ ನೆಪ ಮಾಡಿ ಪ್ರವೇಶ ತಡೆಯಬಾರದೆಂದು 5ನೇ ಸೆಕ್ಷನ್ ಹೇಳುತ್ತದೆ, ಟಿ.ಸಿ. ಕೊಡಲು ವಿಳಂಬಿಸುವ ಮುಖ್ಯಶಿಕ್ಷಕರು ಶಿಸ್ತುಕ್ರಮಕ್ಕೂ ಗುರಿಯಾಗಬಹುದು. ಮಗು ಕರ್ನಾಟಕದಲ್ಲೇ ಓದಿದ್ದರೆ ಅದರ ಹೆಸರು ವಿದ್ಯಾರ್ಥಿಗಳ ವಿವರ ದಾಖಲಿಸುವ ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಇರುವ ಸಾಧ್ಯತೆ ಹೆಚ್ಚು. ಊರಿನ ಶಾಲೆಗೆ ಫೋನ್ ಮಾಡಿ ಅದರಲ್ಲಿರುವ ಮಗುವಿನ ಸಂಖ್ಯೆ ಕೇಳಿಕೊಳ್ಳುವುದು ಬಸ್ಸು ಹತ್ತಿ ಹೋಗುವುದಕ್ಕಿಂತ ಸುಲಭ. ಇನ್ನು ಆಧಾರ್. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿದೆ. ತಂತ್ರಾಂಶ ಕೇಳುತ್ತದೆ ಎಂಬುದು ಶಿಕ್ಷಕರ ನಿಜವಾದ ಕಷ್ಟವೇ ಇರಬಹುದು, ಆದರೆ ಆ ಕಷ್ಟವನ್ನು ಮಗುವಿನ ತಲೆಗೆ ಕಟ್ಟುವುದು ಸರಿಯಲ್ಲ.

ಇಷ್ಟಾದರೂ ‘ನಾಳೆ ಬನ್ನಿ’ ಎಂದರೆ ವಾದಕ್ಕೆ ಇಳಿಯದೆ ಅರ್ಜಿಯನ್ನು ಎರಡು ಪ್ರತಿಯಲ್ಲಿ ಬರೆದು, ಒಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು ಕೇಳಿ. ಬಹಳಷ್ಟು ನಿರಾಕರಣೆಗಳು ಬಾಯಿಮಾತಿನವು. ಬರಹಕ್ಕೆ ಇಳಿಯಬೇಕಾದಾಗ ಸಡಿಲವಾಗುತ್ತವೆ. ಮುಂದಿನ ಹೆಜ್ಜೆಯಾಗಿ ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯನ್ನು (ಸಿ.ಆರ್.ಪಿ.), ಬಳಿಕ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು ಕಾಣಿ. 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು, ಅದರ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಶೆಡ್ಡಿನ ಕುಟುಂಬಕ್ಕೆ ಮೂರು ತಿಂಗಳೆಂದರೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಷ್ಟು ಕಾಲ. ಆದ್ದರಿಂದ ದೂರಿನ ಜೊತೆಜೊತೆಗೇ ಅಧಿಕಾರಿಗಳ ಬೆನ್ನು ಹತ್ತುವುದನ್ನು ಬಿಡಬೇಡಿ.

ಯಾವ ತರಗತಿಗೆ ಸೇರಿಸುತ್ತಾರೆ ಎಂಬುದನ್ನು ಪೋಷಕರು ಸಾಮಾನ್ಯವಾಗಿ ಕೇಳುವುದೇ ಇಲ್ಲ, ಆದರೆ ಮಗು ಉಳಿಯುವುದೋ ಬಿಡುವುದೋ ಬಹುಮಟ್ಟಿಗೆ ಇಲ್ಲೇ ನಿರ್ಧಾರವಾಗುತ್ತದೆ. ಅಕ್ಷರ ಬಾರದ ಹನ್ನೊಂದು ವರ್ಷದ ಹುಡುಗನನ್ನು ಒಂದನೇ ತರಗತಿಯ ಪುಟಾಣಿಗಳ ನಡುವೆ ಕೂರಿಸಿದರೆ ಅವನು ನಾಚಿಕೆಯಿಂದಲೇ ಶಾಲೆ ಬಿಡುತ್ತಾನೆ. ವಯಸ್ಸಿಗೆ ತಕ್ಕ ತರಗತಿ ಮತ್ತು ಸಹಪಾಠಿಗಳ ಸಮಕ್ಕೆ ಬರಲು ವಿಶೇಷ ತರಬೇತಿ, ಇವೆರಡೂ 4ನೇ ಸೆಕ್ಷನ್ ಕೊಟ್ಟಿರುವ ಹಕ್ಕುಗಳು. ಕೇಂದ್ರದ ನಿಯಮಗಳಲ್ಲಿ ಈ ತರಬೇತಿಯ ಅವಧಿ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ. ಮಧ್ಯದಲ್ಲಿ 14 ತುಂಬಿದರೂ ಎಂಟನೆಯವರೆಗೆ ಉಚಿತವಾಗಿ ಓದಬಹುದು.

ಸೇರಿದ ಮೇಲೆ ಹಾಜರಾತಿಯ ಮೇಲೆ ಕಣ್ಣಿಡಿ. ತಾಯಿ ಇಟ್ಟಿಗೆ ಹೊರಲು ಹೋದಾಗ ಕೂಸನ್ನು ನೋಡಿಕೊಳ್ಳುವವಳು ಹೆಚ್ಚಾಗಿ ಹಿರಿಯ ಮಗಳು. ಕೂಸಿಗೆ ಅಂಗನವಾಡಿಯಲ್ಲೋ ಶಿಶುವಿಹಾರದಲ್ಲೋ ಜಾಗ ಹುಡುಕದೆ ಅಕ್ಕನನ್ನು ಶಾಲೆಗೆ ಕರೆದರೆ ಆಕೆ ವಾರವಿಡೀ ಬರುವುದು ಕಷ್ಟ. ತಂದೆ-ತಾಯಿ ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು, ಮಂಡಳಿಗೆ ನೋಂದಾಯಿತರ ಮಕ್ಕಳ ಓದಿಗೆ ಸಹಾಯಧನದ ಯೋಜನೆಯಿದೆ. ಪೋಷಕರೇ ಇಲ್ಲದೆ ಬೀದಿಯಲ್ಲಿರುವ ಮಗುವಿನ ದಾರಿ ಬೇರೆ: ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. ಬಡತನವೊಂದನ್ನೇ ಕಾರಣ ಮಾಡಿ ಹೆತ್ತವರ ಜೊತೆಗಿರುವ ಮಗುವನ್ನು ಬಾಲಮಂದಿರಕ್ಕೆ ಕಳಿಸಲು ಮಾತ್ರ ಹೋಗಬೇಡಿ.

ಕುಟುಂಬ ಯುಗಾದಿಗೋ ಮುಂಗಾರಿನ ಬಿತ್ತನೆಗೋ ಊರಿಗೆ ಹೊರಡುವ ಸುಳಿವು ಸಿಕ್ಕ ಕೂಡಲೇ ಟಿ.ಸಿ.ಗೆ ಅರ್ಜಿ ಹಾಕಿಸಿ. ಅದು ಕೈಗೆ ಬರುವಷ್ಟರಲ್ಲಿ ಅವರು ಹೊರಟೇಬಿಟ್ಟರೂ ಎಸ್‌ಎಟಿಎಸ್ ಸಂಖ್ಯೆ, ಶಾಲೆಯ ಹೆಸರು, ಮುಖ್ಯಶಿಕ್ಷಕರ ಫೋನ್ ನಂಬರ್ ಬರೆದ ಚೀಟಿಯ ಫೋಟೊ ತಾಯಿಯ ಮೊಬೈಲಿನಲ್ಲಿದ್ದರೆ ಮುಂದಿನ ಊರಿನ ಶಾಲೆಯಲ್ಲಿ ಕೆಲಸ ಅರ್ಧ ಮುಗಿದಂತೆ.